ಗುರುಗಳ ಜಗಳದಲ್ಲಿ ಬಡವಾದ ಕೂಸು

ಒಂದು ಕಾಲೇಜು ನಿಜವಾಗಿ ಯಾರದು? ಪಾಠ ಹೇಳುವ ಮೇಷ್ಟ್ರದೋ, ಲೆಕ್ಕಪತ್ರ ನೋಡುವ ಆಡಳಿತದ್ದೋ, ಅಲ್ಲಿಗೆ ಬಂದು ಓದುವ ನಮ್ಮಂಥವರದೋ, ತೆರಿಗೆ ಕಟ್ಟುವ ಊರಿನವರದೋ? ಎಲ್ಲರದೂ ಎಂದು ಹೇಳಿಬಿಡುವುದು ಸುಲಭ. ಆದರೆ ದುಡ್ಡು ಸಾಲದೆ ಬಂದಾಗ, ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂಬ ಮಾತು ಬಂದಾಗ, ಆ ಉತ್ತರ ಸಾಕಾಗುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿರುವ ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೊ 2012ರಿಂದ ಈಚೆಗೆ ಈ ಪ್ರಶ್ನೆಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಸಾವಿರಾರು ಮೈಲಿ ದೂರದ ಆ ಕಾಲೇಜಿನ ಜಗಳ ನಮಗೇಕೆ ಎನ್ನಬೇಡಿ. ಓದುತ್ತಿರುವವರಿಗೂ, ಓದು ಮುಗಿಸಿ ಉಪನ್ಯಾಸಕ ಹುದ್ದೆಗೆ ಕಾಯುತ್ತಿರುವವರಿಗೂ ಅದರಲ್ಲಿ ಕಲಿಯುವುದು ಬಹಳಷ್ಟಿದೆ.

ಮೊದಲು ಕಮ್ಯುನಿಟಿ ಕಾಲೇಜು ಎಂದರೇನು ಎಂಬುದನ್ನು ತಿಳಿದುಕೊಳ್ಳೋಣ. ಇದು ಎರಡು ವರ್ಷದ ಸಾರ್ವಜನಿಕ ಕಾಲೇಜು. ಹದಿನೆಂಟು ತುಂಬಿದ ಯಾರು ಬೇಕಾದರೂ ಸೇರಬಹುದು, ಹೆಚ್ಚು ಅಂಕ ತೆಗೆದವರಿಗಷ್ಟೇ ಎಂಬ ಬೇಲಿ ಇಲ್ಲ. ಇಲ್ಲಿ ಎರಡು ವರ್ಷ ಕಡಿಮೆ ಖರ್ಚಿನಲ್ಲಿ ಓದಿ, ಗಳಿಸಿದ ಕ್ರೆಡಿಟ್‌ಗಳನ್ನು ಹೊತ್ತುಕೊಂಡು ದೊಡ್ಡ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಬಹುದು. ನರ್ಸಿಂಗ್, ಅಡುಗೆ, ವಿಮಾನ ರಿಪೇರಿಯಂಥ ಕಸುಬು ಕಲಿತು ನೇರ ಕೆಲಸಕ್ಕೂ ಸೇರಬಹುದು. ಹೊಸದಾಗಿ ವಲಸೆ ಬಂದವರಿಗೆ ಉಚಿತ ಇಂಗ್ಲಿಷ್ ತರಗತಿ, ವಯಸ್ಸಾದವರಿಗೆ ಸಂಜೆಯ ತರಗತಿ ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾಲೇಜುಗಳು ನೂರಕ್ಕೂ ಹೆಚ್ಚಿವೆ. ನಮ್ಮ ಯುಜಿಸಿಯೂ 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕಮ್ಯುನಿಟಿ ಕಾಲೇಜು ಯೋಜನೆಯೊಂದನ್ನು ತಂದಿತ್ತು. ಹೆಸರು ಅದೇ ಆದರೂ ಗಾತ್ರದಲ್ಲಿ ಅಜಗಜಾಂತರ.

1935ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೊದ ಕಾಲೇಜಿನಲ್ಲಿ 2012ರ ಹೊತ್ತಿಗೆ ಸುಮಾರು 90 ಸಾವಿರ ವಿದ್ಯಾರ್ಥಿಗಳಿದ್ದರು. ಒಂದೇ ಕಡೆಯಲ್ಲ, ಚೈನಾಟೌನ್, ಮಿಷನ್ ಮುಂತಾದ ಬಡಾವಣೆಗಳಲ್ಲೂ ಅದರ ಕೇಂದ್ರಗಳಿದ್ದವು. ಊರಿನಲ್ಲಿ ಯಾರನ್ನು ಕೇಳಿದರೂ ತಾವೋ ತಮ್ಮ ಮನೆಯವರೋ ಅಲ್ಲಿ ಒಂದಾದರೂ ತರಗತಿಗೆ ಕೂತಿದ್ದೇವೆ ಎನ್ನುವಂಥ ಕಾಲೇಜು ಅದು.

ಜಗಳ ಶುರುವಾದದ್ದು ಹೇಗೆ?

2008ರ ಆರ್ಥಿಕ ಹಿಂಜರಿತದಲ್ಲಿ ರಾಜ್ಯ ಸರ್ಕಾರ ಕಮ್ಯುನಿಟಿ ಕಾಲೇಜುಗಳ ಅನುದಾನ ಕತ್ತರಿಸಿತು. ಬಹಳಷ್ಟು ಕಾಲೇಜುಗಳು ತರಗತಿ ಕಡಿಮೆ ಮಾಡಿದವು, ಅರೆಕಾಲಿಕ ಅಧ್ಯಾಪಕರನ್ನು ಮನೆಗೆ ಕಳಿಸಿದವು. ಸಿಟಿ ಕಾಲೇಜು ಬೇರೆ ದಾರಿ ಹಿಡಿಯಿತು. ಸಾಧ್ಯವಾದಷ್ಟು ಮೇಷ್ಟ್ರನ್ನೂ ತರಗತಿಯನ್ನೂ ಉಳಿಸಿಕೊಂಡಿತು. ಕೂಡಿಟ್ಟ ಹಣ ಕರಗಿಸಿತು, ಆಡಳಿತ ಹುದ್ದೆಗಳನ್ನು ಖಾಲಿ ಬಿಟ್ಟಿತು. ಆಗ ಕಾಲೇಜಿನ ವೆಚ್ಚದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಸಂಬಳ, ಸವಲತ್ತಿಗೇ ಹೋಗುತ್ತಿತ್ತು.

ಅಧ್ಯಾಪಕರ ಕಣ್ಣಲ್ಲಿ ಇದು ಹೆಮ್ಮೆಯ ನಿರ್ಧಾರ. ಕಷ್ಟಕಾಲದಲ್ಲಿ ಕೆಲಸ ಕಳೆದುಕೊಂಡ ಜನ ಹೊಸ ಕಸುಬು ಕಲಿಯಲು ಬರುವುದೇ ಕಮ್ಯುನಿಟಿ ಕಾಲೇಜಿಗೆ. ಆಗಲೇ ಬಾಗಿಲು ಮುಚ್ಚಿದರೆ ಹೇಗೆ ಎಂಬುದು ಅವರ ವಾದ. ಲೆಕ್ಕ ನೋಡುವವರ ಕಣ್ಣಲ್ಲಿ ಇದು ಹೊಣೆಗೇಡಿತನ. ಮಳೆಗಾಲಕ್ಕೆಂದು ಒಂದು ಹಿಡಿ ಕಾಳೂ ಉಳಿಸಿಕೊಳ್ಳದ ಮನೆ ಎಷ್ಟು ದಿನ ನಡೆದೀತು ಎಂಬುದು ಅವರ ಪ್ರಶ್ನೆ. ಎರಡೂ ಮಾತಿನಲ್ಲಿ ಹುರುಳಿದೆ. ಜಗಳ ಇಷ್ಟು ವರ್ಷ ಬೆಳೆದದ್ದಕ್ಕೆ ಕಾರಣವೂ ಅದೇ.

2012ರ ಜುಲೈನಲ್ಲಿ ಮಾನ್ಯತಾ ಆಯೋಗ ನಡುವೆ ಬಂತು. ನಮ್ಮಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ ಕಾಲೇಜುಗಳಿಗೆ ಗ್ರೇಡ್ ಕೊಡುತ್ತದಲ್ಲ, ಅಲ್ಲಿ ಆ ಬಗೆಯ ಕೆಲಸ ಮಾಡುವುದು ಎಸಿಸಿಜೆಸಿ ಎಂಬ ಖಾಸಗಿ ಆಯೋಗ. ಒಂದು ವ್ಯತ್ಯಾಸವಿದೆ. ನ್ಯಾಕ್ ಗ್ರೇಡ್ ಇಳಿದರೂ ಕಾಲೇಜು ನಡೆಯುತ್ತದೆ. ಅಲ್ಲಿ ಮಾನ್ಯತೆ ಹೋಯಿತೆಂದರೆ ಸರ್ಕಾರದ ಹಣ ನಿಲ್ಲುತ್ತದೆ, ವಿದ್ಯಾರ್ಥಿಗಳಿಗೆ ಸಿಗುವ ಕೇಂದ್ರದ ನೆರವು ನಿಲ್ಲುತ್ತದೆ, ಗಳಿಸಿದ ಕ್ರೆಡಿಟ್‌ಗಳಿಗೆ ಬೆಲೆ ಇರುವುದಿಲ್ಲ. ಅಂದರೆ ಕಾಲೇಜಿಗೆ ಬೀಗ. ನಿಮ್ಮ ಮಾನ್ಯತೆ ಏಕೆ ರದ್ದು ಮಾಡಬಾರದು ಎಂದು ಆಯೋಗ ಕಾರಣ ಕೇಳಿ ನೋಟಿಸ್ ಕೊಟ್ಟಿತು. ದೂರುಗಳು ಹೆಚ್ಚಾಗಿ ಇದ್ದದ್ದು ಹಣಕಾಸು, ಯೋಜನೆ, ಆಡಳಿತ ವ್ಯವಸ್ಥೆಯ ಬಗ್ಗೆ. ಪಾಠ ಕಳಪೆ ಎಂಬುದು ಅಲ್ಲಿ ಮುಖ್ಯ ಆಕ್ಷೇಪವೇ ಆಗಿರಲಿಲ್ಲ.

ಇಲ್ಲಿಂದ ಮುಂದೆ ಆಡಳಿತಕ್ಕೂ ಅಧ್ಯಾಪಕರಿಗೂ ನೇರ ತಿಕ್ಕಾಟ. ಮಾನ್ಯತೆ ಉಳಿಯಬೇಕಾದರೆ ಆಯೋಗ ಹೇಳಿದ್ದನ್ನೆಲ್ಲ ಬೇಗ ಮಾಡಿಬಿಡಬೇಕು ಎಂದಿತು ಆಡಳಿತ. ವಿಭಾಗ ಮುಖ್ಯಸ್ಥರ ಪಾತ್ರ ಕುಗ್ಗಿತು, ಡೀನ್‌ಗಳ ಕೈ ಮೇಲಾಯಿತು, ಸಂಬಳ ಕಡಿತವಾಯಿತು. ಆ ವರ್ಷದ ನವೆಂಬರ್‌ನಲ್ಲಿ ಊರಿನ ಮತದಾರರು ಕಾಲೇಜಿಗೆಂದೇ ಪ್ರತಿ ಆಸ್ತಿಯ ಮೇಲೆ ವರ್ಷಕ್ಕೆ 79 ಡಾಲರ್ ತೆರಿಗೆ ಕಟ್ಟಲು ಒಪ್ಪಿದರು. ಈ ದುಡ್ಡು ತರಗತಿ, ಅಧ್ಯಾಪಕರಿಗೆಂದು ಜನ ಕೊಟ್ಟದ್ದು ಎಂದಿತು ಎಎಫ್‌ಟಿ 2121 ಎಂಬ ಅಧ್ಯಾಪಕರ ಸಂಘ. ಮೀಸಲು ನಿಧಿ ತುಂಬದಿದ್ದರೆ ಕಾಲೇಜೇ ಇರುವುದಿಲ್ಲ ಎಂದಿತು ಆಡಳಿತ.

2013ರ ಜುಲೈನಲ್ಲಿ ಆಯೋಗ ತೀರ್ಪು ಕೊಟ್ಟೇಬಿಟ್ಟಿತು: 2014ರ ಜುಲೈ 31ಕ್ಕೆ ಮಾನ್ಯತೆ ರದ್ದು. ಕೆಲವೇ ದಿನಗಳಲ್ಲಿ ಜನರಿಂದ ಆಯ್ಕೆಯಾದ ಟ್ರಸ್ಟಿಗಳ ಮಂಡಳಿಯ ಅಧಿಕಾರವನ್ನೆಲ್ಲ ರಾಜ್ಯ ಮಟ್ಟದ ಮಂಡಳಿ ಕಿತ್ತುಕೊಂಡು ರಾಬರ್ಟ್ ಆಗ್ರೆಲ್ಲ ಎಂಬ ಒಬ್ಬ ವಿಶೇಷ ಟ್ರಸ್ಟಿಯ ಕೈಗಿತ್ತಿತು. ಊರಿನವರು ವೋಟು ಹಾಕಿ ಕಳಿಸಿದ ಪ್ರತಿನಿಧಿಗಳು ಇದ್ದೂ ಇಲ್ಲದಂತಾದರು.

ಕೋರ್ಟಿನ ಕಟ್ಟೆ ಹತ್ತಿದ ಮೇಲೆ

ಅಧ್ಯಾಪಕರು ಸುಮ್ಮನೆ ಕೂರಲಿಲ್ಲ. ಅಮೆರಿಕದ ಶಿಕ್ಷಣ ಇಲಾಖೆಗೆ ಆಯೋಗದ ವಿರುದ್ಧವೇ ದೂರು ಕೊಟ್ಟರು. 2013ರ ಆಗಸ್ಟ್‌ನಲ್ಲಿ ಇಲಾಖೆ ಆ ದೂರಿನ ಕೆಲವು ಅಂಶಗಳನ್ನು ಒಪ್ಪಿತು. ಪರಿಶೀಲನಾ ತಂಡದಲ್ಲಿ ಅಧ್ಯಾಪಕರು ಸಾಕಷ್ಟು ಇರಲಿಲ್ಲ, ಆಯೋಗದ ಅಧ್ಯಕ್ಷರ ಪತಿಯೇ ಒಂದು ತಂಡದಲ್ಲಿದ್ದರು. ಅಳೆಯುವವರ ತಕ್ಕಡಿಯನ್ನೂ ಯಾರಾದರೂ ಪರೀಕ್ಷಿಸಬೇಕು ಎಂಬುದು ಎಲ್ಲರಿಗೂ ಆಗ ಅರಿವಾಯಿತು.

ಅದೇ ತಿಂಗಳು ನಗರದ ಸರ್ಕಾರಿ ವಕೀಲ ಡೆನಿಸ್ ಹೆರೆರಾ ಆಯೋಗದ ಮೇಲೆ ಮೊಕದ್ದಮೆ ಹೂಡಿದರು. 2014ರ ಜನವರಿಯಲ್ಲಿ ನ್ಯಾಯಾಧೀಶ ಕರ್ಟಿಸ್ ಕಾರ್ನೋ ಮಾನ್ಯತೆ ರದ್ದತಿಗೆ ತಡೆ ಕೊಟ್ಟರು. ಕಾಲೇಜು ಮುಚ್ಚಿದರೆ ವಿದ್ಯಾರ್ಥಿಗಳಿಗೂ ಊರಿಗೂ ಆಗುವ ಹಾನಿಯನ್ನು ಆಯೋಗಕ್ಕಾಗುವ ತೊಂದರೆಯ ಜತೆ ತೂಗಿ ನೋಡಿದಾಗ, ಮೊದಲನೆಯದೇ ಬಹಳ ಭಾರ ಎಂಬುದು ಅವರ ನಿಲುವು. 2015ರಲ್ಲಿ ಬಂದ ಅಂತಿಮ ತೀರ್ಪು ಆಯೋಗ ಕಾನೂನು ಮೀರಿದೆ ಎಂದಿತು. ಕಾಲೇಜಿಗೆ ಉತ್ತರ ಕೊಡಲು ಸರಿಯಾದ ಅವಕಾಶ ಸಿಗಲಿಲ್ಲ ಎಂಬುದು ಅದರಲ್ಲಿ ಒಂದು. ಆದರೆ ಕಾಲೇಜಿನಲ್ಲಿ ಎಲ್ಲ ಸರಿ ಇತ್ತು ಎಂದು ಕೋರ್ಟು ಹೇಳಲಿಲ್ಲ, ತಾನೇ ಮಾನ್ಯತೆಯನ್ನೂ ಕೊಡಲಿಲ್ಲ. ಕೊನೆಗೆ 2017ರ ಜನವರಿಯಲ್ಲಿ ಅದೇ ಆಯೋಗ ಏಳು ವರ್ಷಕ್ಕೆ ಮಾನ್ಯತೆ ಮುಂದುವರಿಸಿತು.

ಗೆದ್ದವರು ಯಾರು? ಆ ಐದು ವರ್ಷಗಳಲ್ಲಿ ಕಾಲೇಜು ಒಂದು ದಿನವೂ ಮಾನ್ಯತೆ ಕಳೆದುಕೊಳ್ಳಲಿಲ್ಲ. ಆದರೂ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಕುಸಿಯಿತು. ಮುಚ್ಚಬಹುದು ಎಂಬ ಕಾಲೇಜಿಗೆ ಯಾರು ಮಗಳನ್ನು ಸೇರಿಸುತ್ತಾರೆ? ಪದವಿ ನಡುನೀರಿನಲ್ಲಿ ಉಳಿದೀತೆಂಬ ಭಯದಲ್ಲಿ ಸಾವಿರಾರು ಜನ ಬೇರೆ ಕಾಲೇಜು ಹುಡುಕಿಕೊಂಡರು, ಇನ್ನೆಷ್ಟೋ ಜನ ಓದುವುದನ್ನೇ ಬಿಟ್ಟಿರಬಹುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ.

ತಿರುಗಿ ಅದೇ ಸುಳಿ

ವಿದ್ಯಾರ್ಥಿಗಳು ಕಡಿಮೆಯಾದರೆ ರಾಜ್ಯದ ಅನುದಾನ ಕಡಿಮೆ. ಅನುದಾನ ಕಡಿಮೆಯಾದರೆ ತರಗತಿ ಕಡಿಮೆ. ಬೇಕಾದ ತರಗತಿ ಸಿಗದಿದ್ದರೆ ವಿದ್ಯಾರ್ಥಿಗಳು ಇನ್ನೂ ಕಡಿಮೆ. ಈ ಸುಳಿಯೊಳಗೆ ಸಿಕ್ಕ ಮೇಲೆ ಆಡಳಿತ ಮತ್ತು ಅಧ್ಯಾಪಕರ ನಡುವೆ ಹೊಸ ಹೊಸ ಕದನಗಳು ಹುಟ್ಟಿಕೊಂಡವು. 2016ರ ಏಪ್ರಿಲ್ 27ರಂದು ಅಧ್ಯಾಪಕರು ಒಂದು ದಿನದ ಮುಷ್ಕರ ಮಾಡಿದರು. ಕಾಲೇಜಿನ ಇತಿಹಾಸದಲ್ಲಿ ಅದು ಮೊದಲನೆಯದು. 2017ರಲ್ಲಿ ಊರಿನ ನಿವಾಸಿಗಳಿಗೆಲ್ಲ ಕಾಲೇಜಿನ ಬೋಧನಾ ಶುಲ್ಕ ಮನ್ನಾ ಮಾಡುವ 'ಫ್ರೀ ಸಿಟಿ' ಯೋಜನೆ ಬಂದಾಗ ಸ್ವಲ್ಪ ಜೀವ ಬಂತು. ಆದರೆ 2019ರ ನವೆಂಬರ್‌ನಲ್ಲಿ ಚಾನ್ಸಲರ್ ಮಾರ್ಕ್ ರೋಶಾ ಮುಂದಿನ ಸೆಮಿಸ್ಟರ್‌ನ ಸುಮಾರು 300 ತರಗತಿಗಳನ್ನು ಇದ್ದಕ್ಕಿದ್ದಂತೆ ರದ್ದು ಮಾಡಿದರು. ನೋಂದಣಿಗೆ ಕೆಲವೇ ದಿನ ಬಾಕಿ ಇತ್ತು. ಮರುವರ್ಷ ಮಾರ್ಚ್ ಹೊತ್ತಿಗೆ ಅವರೇ ರಜೆಯ ಮೇಲೆ ಹೋಗಬೇಕಾಯಿತು.

2021ರಲ್ಲಿ ಕೆಲಸ ಕಡಿತ ತಪ್ಪಿಸಲು ಅಧ್ಯಾಪಕರು ತಾವಾಗಿಯೇ ಒಂದು ವರ್ಷಕ್ಕೆ ಸಂಬಳ ಕಡಿತಕ್ಕೆ ಒಪ್ಪಿದರು. ಹೆಚ್ಚು ಸಂಬಳದವರಿಗೆ ಹೆಚ್ಚು ಕಡಿತ, ಕಡಿಮೆಯವರಿಗೆ ಕಡಿಮೆ. ಆದರೂ 2022ರ ಮೇ ತಿಂಗಳಲ್ಲಿ ಟ್ರಸ್ಟಿಗಳು 38 ಪೂರ್ಣಾವಧಿ ಅಧ್ಯಾಪಕರನ್ನು ಕೆಲಸದಿಂದ ತೆಗೆಯಲು ನಿರ್ಧರಿಸಿದರು. ಅದೇ ನವೆಂಬರ್ ಚುನಾವಣೆಯಲ್ಲಿ ಮತದಾರರು ಸ್ಪರ್ಧಿಸಿದ್ದ ಹಾಲಿ ಟ್ರಸ್ಟಿಗಳಲ್ಲಿ ಹೆಚ್ಚಿನವರನ್ನು ಮನೆಗೆ ಕಳಿಸಿ, ಅಧ್ಯಾಪಕರ ಸಂಘ ಬೆಂಬಲಿಸಿದವರನ್ನು ಗೆಲ್ಲಿಸಿದರು. ವಿಚಿತ್ರವೆಂದರೆ, ಅದೇ ಮತದಾರರು ಅದೇ ದಿನ ಕಾಲೇಜಿಗೆ ಹೆಚ್ಚು ದುಡ್ಡು ತರುತ್ತಿದ್ದ ತೆರಿಗೆಯ ಪ್ರಸ್ತಾವವನ್ನು ತಿರಸ್ಕರಿಸಿದರು. ಮೇಷ್ಟ್ರು ಬೇಕು, ಆದರೆ ತೆರಿಗೆ ಬೇಡ. 2024ರ ಜನವರಿಯಲ್ಲಿ ಆಯೋಗ ಮತ್ತೆ ಎಚ್ಚರಿಕೆ ಕೊಟ್ಟಿತು. ಈ ಸಲವೂ ಬೆರಳು ತೋರಿದ್ದು ಹಣಕಾಸು ಯೋಜನೆ, ಮಂಡಳಿಯ ಆಡಳಿತದ ಕಡೆಗೇ.

ಹತ್ತಿರ ಹತ್ತಿರ ಹನ್ನೆರಡು ವರ್ಷಗಳಲ್ಲಿ ಚಾನ್ಸಲರ್‌ಗಳು ಬದಲಾದರು, ಟ್ರಸ್ಟಿಗಳು ಬದಲಾದರು. ಪ್ರಶ್ನೆ ಮಾತ್ರ ಅದೇ ಉಳಿಯಿತು. ಹಾಗಾದರೆ ತೊಡಕು ವ್ಯಕ್ತಿಗಳಲ್ಲಿ ಇಲ್ಲ, ವ್ಯವಸ್ಥೆಯಲ್ಲಿದೆ ಎಂದಾಯಿತು.

ಗಂಟು ಎಲ್ಲಿದೆ?

ಮೊದಲ ಗಂಟು, ಅಧಿಕಾರದ್ದು. ಕ್ಯಾಲಿಫೋರ್ನಿಯಾದಲ್ಲಿ 1988ರ ಎಬಿ 1725 ಕಾನೂನು ಕಮ್ಯುನಿಟಿ ಕಾಲೇಜಿನ ಆಡಳಿತದಲ್ಲಿ ಅಧ್ಯಾಪಕರಿಗೆ ಪಾಲು ಕೊಟ್ಟಿತು. ಪಠ್ಯಕ್ರಮದಂಥ ವಿಷಯಗಳಲ್ಲಿ ಅಧ್ಯಾಪಕರ ಸೆನೆಟ್‌ನ ಅಭಿಪ್ರಾಯ ಕೇಳಲೇಬೇಕು. ಒಳ್ಳೆಯ ಕಾನೂನು. ಆದರೆ ಅಭಿಪ್ರಾಯ ಕೇಳುವುದು ಬೇರೆ, ಬಜೆಟ್ ಬರೆಯುವುದು ಬೇರೆ. ಯಾವ ತರಗತಿ ಬೇಕು ಎಂದು ಹೇಳುವ ಹಕ್ಕು ಒಬ್ಬರಿಗೆ, ಅದಕ್ಕೆ ದುಡ್ಡು ಎಲ್ಲಿದೆ ಎಂದು ಹೇಳುವ ಹೊಣೆ ಇನ್ನೊಬ್ಬರಿಗೆ. ಇಬ್ಬರೂ ಒಂದೇ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಮಾತಾಡದಿದ್ದರೆ ಹಂಚಿಕೊಂಡ ಆಡಳಿತ ಹಂಚಿಕೊಂಡ ಅನುಮಾನವಾಗುತ್ತದೆ. ಸಿಟಿ ಕಾಲೇಜಿನಲ್ಲಿ ಆದದ್ದು ಅದೇ. ಆಡಳಿತ ದುಡ್ಡಿಲ್ಲ ಎಂದರೆ ಅಧ್ಯಾಪಕರು ನಂಬುತ್ತಿರಲಿಲ್ಲ, ಅಧ್ಯಾಪಕರು ಈ ತರಗತಿ ಅಗತ್ಯ ಎಂದರೆ ಆಡಳಿತಕ್ಕೆ ಅದು ಕೆಲಸ ಉಳಿಸಿಕೊಳ್ಳುವ ತಂತ್ರವಾಗಿ ಕಾಣುತ್ತಿತ್ತು.

ಎರಡನೆಯ ಗಂಟು, ಅರೆಕಾಲಿಕ ಅಧ್ಯಾಪಕರದ್ದು. ಅದೇ ಕಾನೂನು, ಪಾಠದ ನಾಲ್ಕರಲ್ಲಿ ಮೂರು ಪಾಲನ್ನು ಪೂರ್ಣಾವಧಿಯವರೇ ಮಾಡಬೇಕೆಂಬ ಗುರಿ ಇಟ್ಟಿತ್ತು. ರಾಜ್ಯ ಆ ಗುರಿಯ ಹತ್ತಿರವೂ ಹೋಗಲಿಲ್ಲ. ಒಂದು ಕಾಲೇಜಿನಲ್ಲಿ ಅರೆಕಾಲಿಕರಿಗೆ ಪೂರ್ಣ ಹೊರೆಯ ಶೇ 67ಕ್ಕಿಂತ ಹೆಚ್ಚು ಪಾಠ ಕೊಡುವಂತಿಲ್ಲ ಎಂಬ ಮಿತಿಯೂ ಬಹುಕಾಲದಿಂದ ಇದೆ. ಹಾಗಾಗಿ ಹೊಟ್ಟೆಪಾಡಿಗೆ ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು ಎಂದು ಹೆದ್ದಾರಿಯಲ್ಲೇ ದಿನ ಕಳೆಯುವ ಮೇಷ್ಟ್ರುಗಳ ಒಂದು ವರ್ಗವೇ ಅಲ್ಲಿದೆ. ಬಜೆಟ್ ಬಿಗಿಯಾದಾಗ ಮೊದಲು ಹೋಗುವವರು ಇವರೇ. ಇವರನ್ನು ತೆಗೆಯುವುದಕ್ಕೆ ದೊಡ್ಡ ಸುದ್ದಿಯೂ ಆಗುವುದಿಲ್ಲ, ಮುಂದಿನ ಸೆಮಿಸ್ಟರ್‌ಗೆ ತರಗತಿ ಕೊಡದಿದ್ದರೆ ಆಯಿತು.

ಇದನ್ನು ಓದುವಾಗ ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಓದಿದ ಯಾರಿಗಾದರೂ ನಮ್ಮ ಅತಿಥಿ ಉಪನ್ಯಾಸಕರು ನೆನಪಾಗದೆ ಇರುವುದಿಲ್ಲ. ನಾನು ಬಿ.ಎ. ಓದಿದ ಕಾಲೇಜಿನಲ್ಲೂ ನನಗೆ ಪಾಠ ಹೇಳಿದವರಲ್ಲಿ ಹೆಚ್ಚಿನವರು ಅವರೇ. ಅವರು 2021ರ ಕೊನೆಯಲ್ಲಿ ಬೀದಿಗಿಳಿದರು. 2022ರ ಜನವರಿಯಲ್ಲಿ ಸರ್ಕಾರ ಗರಿಷ್ಠ ಗೌರವಧನವನ್ನು 32 ಸಾವಿರ ರೂಪಾಯಿಗೆ ಏರಿಸಿತು, ಜತೆಗೆ ವಾರದ ಬೋಧನೆಯನ್ನು 15 ಗಂಟೆಗೆ ಹೆಚ್ಚಿಸಿತು. ಕೇಳಲು ಚೆನ್ನಾಗಿತ್ತು. ಆದರೆ ಒಬ್ಬರಿಗೆ ಹೆಚ್ಚು ಗಂಟೆ ಎಂದರೆ ಇನ್ನೊಬ್ಬರಿಗೆ ಗಂಟೆಯೇ ಇಲ್ಲ ಎಂದರ್ಥ. ಸಂಬಳ ಏರಿದ ಆದೇಶವೇ ಹಲವರಿಗೆ ಕೆಲಸ ಹೋದ ಆದೇಶವೂ ಆಯಿತು. 2023ರ ಕೊನೆಯಲ್ಲಿ ಕಾಯಮಾತಿಗೆ ಒತ್ತಾಯಿಸಿ ಮತ್ತೆ ಮುಷ್ಕರ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೊದವರಿಗೆ ಸಂಘವಿದೆ, ಒಪ್ಪಂದವಿದೆ, ಟ್ರಸ್ಟಿಗಳನ್ನು ವೋಟಿನಿಂದ ಬದಲಿಸುವ ದಾರಿ ಇದೆ. ನಮ್ಮವರಿಗೆ ಫ್ರೀಡಂ ಪಾರ್ಕ್ ಒಂದೇ ಇದೆ. ಕೆ-ಸೆಟ್, ನೆಟ್ ಪಾಸಾಗಿ ಈ ಕೆಲಸಕ್ಕೇ ಕಾಯುತ್ತಿರುವ ನಮ್ಮ ಪೀಳಿಗೆ ಇದನ್ನು ಗಮನಿಸಬೇಕು.

ಮೂರನೆಯ ಗಂಟು ಎಲ್ಲಕ್ಕಿಂತ ದೊಡ್ಡದು: ಕಾಲೇಜು ಯಾವುದಕ್ಕೆ ಎಂಬುದು. ಎರಡು ವರ್ಷದಲ್ಲಿ ಪದವಿ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೋ, ಇಲ್ಲಾ ಇಂಗ್ಲಿಷ್ ಕಲಿಯಲು ಬರುವ ಹೋಟೆಲ್ ಕಾರ್ಮಿಕನಿಗೂ, ನಿವೃತ್ತಿಯ ನಂತರ ಕುಂಬಾರಿಕೆ ಕಲಿಯುವ ಅಜ್ಜಿಗೂ? ದುಡ್ಡು ಸಾಲದಾಗ ಆಡಳಿತ ಮೊದಲನೆಯದನ್ನು ಆರಿಸುತ್ತದೆ, ಏಕೆಂದರೆ ಅಳೆಯುವವರು ಅಳೆಯುವುದು ಎಷ್ಟು ಜನ ಪದವಿ ಮುಗಿಸಿದರು ಎಂಬುದನ್ನೇ. ಅಧ್ಯಾಪಕರು ಎರಡನೆಯದನ್ನೂ ಬಿಡಬಾರದು ಎನ್ನುತ್ತಾರೆ. ಇದಕ್ಕೆ ಉತ್ತರ ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ, ಊರಿನ ಜನ ಹೇಳಬೇಕು. ಹೇಳಿದ ಮೇಲೆ ಅದರ ಖರ್ಚನ್ನೂ ಹೊರಬೇಕು. 2022ರ ಮತದಾರರು ಮೊದಲಿನ ಅರ್ಧ ಮಾಡಿದರು, ಎರಡನೆಯ ಅರ್ಧ ಮಾಡಲಿಲ್ಲ.

ನನ್ನ ಅನಿಸಿಕೆಯಲ್ಲಿ ತಕ್ಕಡಿ ಸ್ವಲ್ಪ ಅಧ್ಯಾಪಕರ ಕಡೆಗೇ ವಾಲುತ್ತದೆ. ತರಗತಿ ನಡೆಯದ ಕಾಲೇಜಿನಲ್ಲಿ ಮೀಸಲು ನಿಧಿ ಎಷ್ಟಿದ್ದರೇನು? 2013ರಲ್ಲಿ ಅವರು ಹೋರಾಡದೇ ಇದ್ದಿದ್ದರೆ ಆ ಕಾಲೇಜು ಇಂದು ಇರುತ್ತಿತ್ತೋ ಇಲ್ಲವೋ. ಹಾಗೆಂದು ಲೆಕ್ಕ ಕೇಳುವವರೆಲ್ಲ ಶಿಕ್ಷಣದ ಶತ್ರುಗಳು ಎನ್ನುವುದೂ ಸರಿಯಲ್ಲ. ಮುಂದಿನ ವರ್ಷದ ಸಂಬಳಕ್ಕೆ ದುಡ್ಡಿಲ್ಲದ ಕಾಲೇಜು ಈ ವರ್ಷದ ಮೇಷ್ಟ್ರನ್ನು ಉಳಿಸಿದರೂ ಅದು ತಾತ್ಕಾಲಿಕ. 2021ರಲ್ಲಿ ಆದಂತೆ, ಹೆಚ್ಚು ಇರುವವರು ಹೆಚ್ಚು ಬಿಟ್ಟುಕೊಟ್ಟು ಕೆಳಗಿನವರನ್ನು ಉಳಿಸಿಕೊಂಡ ದಾರಿ ಇದೆಯಲ್ಲ, ಅದೇ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಅದನ್ನು ಒಂದೇ ವರ್ಷಕ್ಕೆ ಮುರಿದದ್ದು ಆಡಳಿತದ ದೊಡ್ಡ ಸೋಲು. ಏಕೆಂದರೆ ಒಮ್ಮೆ ತ್ಯಾಗ ಮಾಡಿಯೂ ಕೆಲಸ ಕಳೆದುಕೊಂಡವರು ಎರಡನೇ ಸಲ ತ್ಯಾಗಕ್ಕೆ ಬರುವುದಿಲ್ಲ.

ಇನ್ನು ನಾವು, ಅಂದರೆ ವಿದ್ಯಾರ್ಥಿಗಳು, ಏನು ಮಾಡಬಹುದು? ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿದ್ಯಾರ್ಥಿಗಳು ಮೆರವಣಿಗೆಗಳಲ್ಲಿದ್ದರು, ಮಂಡಳಿಯ ಸಭೆಗಳಲ್ಲಿ ಮಾತಾಡಿದರು. ನಮ್ಮಲ್ಲಿ ಕಾಲೇಜು ಸೇರುವಾಗ ಕಟ್ಟಡ ನೋಡುತ್ತೇವೆ, ಪ್ಲೇಸ್‌ಮೆಂಟ್ ಕೇಳುತ್ತೇವೆ, ನ್ಯಾಕ್ ಗ್ರೇಡ್ ಕೇಳುತ್ತೇವೆ. ಪಾಠ ಮಾಡುವವರಲ್ಲಿ ಎಷ್ಟು ಜನ ಕಾಯಂ, ಎಷ್ಟು ಜನ ಅತಿಥಿಗಳು, ಅವರಿಗೆ ಸಂಬಳ ತಿಂಗಳು ತಿಂಗಳು ಬರುತ್ತದೆಯೇ ಎಂದು ಕೇಳುವುದಿಲ್ಲ. ಕಾಲೇಜು ಅಭಿವೃದ್ಧಿ ಸಮಿತಿಯ ಹಣ ಎಲ್ಲಿ ಖರ್ಚಾಯಿತು ಎಂದು ಕೇಳುವುದಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಇದನ್ನೆಲ್ಲ ಪಡೆಯಬಹುದು. ಕೆಲಸಕ್ಕೆ ಸೇರುವವರೂ ಅಷ್ಟೇ. ಆದೇಶಪತ್ರದಲ್ಲಿ ಎಷ್ಟು ತಿಂಗಳು, ಎಷ್ಟು ಗಂಟೆ, ನಿಲ್ಲಿಸುವಾಗ ಮುಂಚಿತವಾಗಿ ತಿಳಿಸುತ್ತಾರೆಯೇ ಎಂಬುದನ್ನು ಓದಿಯೇ ಸಹಿ ಹಾಕಬೇಕು.

ಮೇಷ್ಟ್ರು ಮುಷ್ಕರಕ್ಕೆ ಕೂತಾಗ ನಮಗೆ ಕಾಣುವುದು ತಪ್ಪಿಹೋದ ಪಾಠ, ಮುಂದೆ ಹೋದ ಪರೀಕ್ಷೆ. ಆ ಸಿಟ್ಟು ಸಹಜ. ಆದರೆ ಮುಷ್ಕರ ಶುರುವಾಗುವ ಎಷ್ಟೋ ಮೊದಲೇ, ಯಾರೂ ನೋಡದ ಒಂದು ಸಭೆಯಲ್ಲಿ, ನಮ್ಮ ತರಗತಿಯ ಹಣೆಬರಹ ಬರೆದಾಗಿರುತ್ತದೆ. ಆ ಸಭೆಯಲ್ಲಿ ಮೇಷ್ಟ್ರೂ ಇರಬೇಕು, ಲೆಕ್ಕ ನೋಡುವವರೂ ಇರಬೇಕು. ವಿದ್ಯಾರ್ಥಿಗಳಿಗೂ ಅಲ್ಲಿ ಒಂದು ಕುರ್ಚಿ ಇರಬೇಕು. ಯಾರೂ ಕರೆಯದಿದ್ದರೆ ನಾವೇ ಕೇಳಿ ಪಡೆಯಬೇಕು.